ಮುಳುಗಿದ ನಗರದ ನೀರುಗಂಟಿ: ಕಡಲಡಿಯ ಸೂಪರ್‌ಹೀರೋ ಕಥೆ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಕಾಮಿಕ್ಸ್ ಬರೆಯುವವರು, ಚಿತ್ರ ಬಿಡಿಸುವವರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕಥೆಯ ಎಳೆ ಒಂದೇ: ಹೊಸದಾಗಿ ಕಡಲು ನುಂಗಿದ ನಗರ, ಅದನ್ನು ದೋಚಲು ಇಳಿಯುವ ಸಂಘಟಿತ ಗ್ಯಾಂಗು, ಅಡ್ಡ ನಿಲ್ಲುವ ಒಬ್ಬ ಕಾವಲುಗಾರ. ಉದಾಹರಣೆ ಬೇಕಾದಲ್ಲೆಲ್ಲ ಕರಾವಳಿಯ ಒಂದು ಕಲ್ಪಿತ ಬಂದರು ನಗರವನ್ನೂ ಕೋಲಾರದ ಕಡೆಯಿಂದ ಹೋದ ‘ನೀರುಗಂಟಿ’ ಎಂಬ ಕಲ್ಪಿತ ನಾಯಕಿಯನ್ನೂ ಇಟ್ಟುಕೊಂಡಿದ್ದೇವೆ. ಹೆಸರು, ಊರು ನಿಮ್ಮಿಷ್ಟದಂತೆ ಬದಲಿಸಿಕೊಳ್ಳಿ. ನೀರಿನ ಲೆಕ್ಕ ಮಾತ್ರ ಬದಲಿಸಬೇಡಿ.

## ಶುರು ಮಾಡುವವರಿಗೆ

ನಮ್ಮದು ಬಯಲುಸೀಮೆ, ಸಾವಿರ ಅಡಿ ಕೊರೆದ್ರೂ ನೀರಿಲ್ಲ. ಕಡಲಡಿ ಕಥೆ ನಮಗ್ಯಾಕೆ?

ಮುಳುಗಡೆ ಕರಾವಳಿಯವರದ್ದು ಮಾತ್ರ ಅಲ್ಲ. ತುಮಕೂರು ನಗರ ಕುಡಿಯುವುದು ಬುಗುಡನಹಳ್ಳಿ ಕೆರೆಗೆ ಬಂದು ತುಂಬುವ ಹೇಮಾವತಿ ನೀರು. ಅದೇ ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಕಟ್ಟಿದಾಗ ಹಿನ್ನೀರಿಗೆ ಊರುಗಳು ಹೋದವು. ಶೆಟ್ಟಿಹಳ್ಳಿಯ ಹಳೇ ಚರ್ಚು ಈಗಲೂ ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಬೋಳುಗೋಡೆಗಳೊಂದಿಗೆ ಎದ್ದು ನಿಲ್ಲುತ್ತದೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಬೀದಿಗಳೇ ಹೋದವು. ನಮ್ಮ ನಲ್ಲಿಗೆ ಬರುವ ನೀರು ಇನ್ಯಾರದೋ ಹೊಸಿಲ ಮೇಲೆ ನಿಂತಿದೆ. ಮುಳುಗಿದ ಮನೆ ಯಾರದು, ಅದರೊಳಗಿನ ಸಾಮಾನು ಯಾರದು, ಲೆಕ್ಕ ಯಾರ ಹತ್ತಿರ ಇದೆ ಎಂಬ ಪ್ರಶ್ನೆ ಈ ಕಥೆಯ ಜೀವ. ನೀರಿನ ಒಂದೊಂದು ಪಾಲಿಗೂ ಲೆಕ್ಕ ಇಟ್ಟ ಸೀಮೆಯವರಿಗೆ ಆ ಪ್ರಶ್ನೆ ಹೊಸದಲ್ಲ.

ತುಮಕೂರನ್ನೇ ಕಡಲಲ್ಲಿ ಮುಳುಗಿಸಿಬಿಡಬಹುದಾ?

ಆಗುವುದಿಲ್ಲ. ತುಮಕೂರು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ, ಕೋಲಾರ, ಚಿಕ್ಕಬಳ್ಳಾಪುರ ಕೂಡ ಹಾಗೆಯೇ. ಭೂಮಿಯ ಮೇಲಿನ ಹಿಮವೆಲ್ಲ ಕರಗಿದರೂ ಕಡಲು ಏರುವುದು ಸುಮಾರು 65ರಿಂದ 70 ಮೀಟರು. ಇಲ್ಲೇ ಕಥೆ ನಡೆಯಬೇಕೆಂದರೆ ಕಡಲನ್ನು ಬಿಟ್ಟು ಜಲಾಶಯಕ್ಕೆ ಬನ್ನಿ. ಆಗ ಉಪ್ಪಿಲ್ಲ, ಅಲೆಯಿಲ್ಲ, ಉಬ್ಬರವಿಳಿತವಿಲ್ಲ, ತಳದಲ್ಲಿ ಹೂಳು ಜಾಸ್ತಿ, ಕಣ್ಣಿಗೆ ಕಾಣುವ ದೂರ ಒಂದೆರಡು ಮೀಟರ್. ಕಡಲೇ ಬೇಕೆಂದರೆ ನಗರವನ್ನು ಕರಾವಳಿಯಲ್ಲಿಡಿ, ನಾಯಕಿಯನ್ನು ಇಲ್ಲಿಂದ ಕಳಿಸಿ. ನಮಗೆ ಎರಡನೆಯದೇ ಹಿಡಿಸುತ್ತದೆ. ಕಡಲನ್ನು ಮೊದಲ ಸಲ ನೋಡುವವಳ ಕಣ್ಣಿಂದಲೇ ಓದುಗರೂ ಕಡಲನ್ನು ಕಲಿಯುತ್ತಾರೆ.

ಇಡೀ ನಗರ ಮುಳುಗೋಕೆ ನಂಬುವಂಥ ಕಾರಣ ಯಾವುದು?

ಇತಿಹಾಸದಲ್ಲೇ ಇದೆ. ಜಮೈಕಾದ ಪೋರ್ಟ್ ರಾಯಲ್ ಪಟ್ಟಣ 1692ರ ಜೂನ್ 7ರಂದು ಭೂಕಂಪಕ್ಕೆ ಸಿಕ್ಕಿತು. ಅದು ನಿಂತಿದ್ದದ್ದು ನೀರುಂಡ ಮರಳಿನ ಮೇಲೆ. ನಡುಗಿದ ಕೂಡಲೇ ಮರಳು ಅಂಬಲಿಯಂತಾಗಿ, ಪಟ್ಟಣದ ಬಹುಭಾಗ ನಿಮಿಷಗಳಲ್ಲೇ ಕಡಲಿಗೆ ಕುಸಿಯಿತು. ಲೂಟಿ ಅದರ ಬೆನ್ನಲ್ಲೇ ಶುರುವಾಯಿತು. ನಿಮ್ಮ ಗ್ಯಾಂಗಿಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬೇಕಿಲ್ಲ.

ನಿಧಾನವಾಗಿ ಮುಳುಗುವ ನಗರ ಬೇಕೆಂದರೆ ಜಕಾರ್ತಾ ನೋಡಿ. ಅಂತರ್ಜಲ ಹೀರಿ ಹೀರಿ ಕೆಳಗಿನ ಜೇಡಿ ಪದರಗಳು ಅಮುಕಿಕೊಂಡು, ನಗರದ ಉತ್ತರ ಭಾಗ ಮೀಟರುಗಟ್ಟಲೆ ಇಳಿದಿದೆ. ‘ಕೋಲಾರದಲ್ಲೂ ಬೋರ್‌ವೆಲ್ ಕೊರೆದೂ ಕೊರೆದೂ ಬರಿದಾಗಿದೆ, ನಮ್ಮೂರು ಯಾಕೆ ಇಳಿದಿಲ್ಲ?’ ಎಂದು ಇಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ನಮ್ಮ ಕೆಳಗಿರುವುದು ಗಟ್ಟಿ ಬಂಡೆ. ನೀರು ಇರುವುದು ಬಂಡೆಯ ಬಿರುಕುಗಳಲ್ಲಿ, ಅದು ಖಾಲಿಯಾದರೆ ಬಂಡೆ ಅಮುಕಿಕೊಳ್ಳುವುದಿಲ್ಲ. ನಾವು ಕಳೆದುಕೊಂಡದ್ದು ನೀರನ್ನು, ಅವರು ನೆಲವನ್ನೂ ಕಳೆದುಕೊಂಡರು. ಈ ಒಂದು ಸಂಭಾಷಣೆ ನಾಯಕಿಗೂ ಬಂದರಿನ ಹುಡುಗನಿಗೂ ನಡುವೆ ನಡೆದರೆ ಎರಡು ಊರುಗಳ ಗಂಟು ಬಿದ್ದಂತೆ.

ಎಷ್ಟು ಆಳದಲ್ಲಿ ಇಡಬೇಕು? ಆಳ ಜಾಸ್ತಿ ಇದ್ರೆ ಥ್ರಿಲ್ ಜಾಸ್ತಿ ಅಲ್ವಾ?

ಆಳ ಹೆಚ್ಚಿದಷ್ಟೂ ಕಥೆ ತೆಳುವಾಗುತ್ತದೆ. 200 ಮೀಟರಿನಲ್ಲಿ ಬೆಳಕಿಲ್ಲ, ಗ್ಯಾಂಗಿನವರು ಇಳಿಯಲಾರರು, ಇಳಿಯುವುದು ಯಂತ್ರಗಳು, ಇಲ್ಲವೇ ವಿಶೇಷ ಸಲಕರಣೆಯ ವೃತ್ತಿಪರ ಮುಳುಗುಗಾರರು ಮಾತ್ರ. ಬೀದಿ 20 ಮೀಟರಿನಲ್ಲಿರಲಿ. ಮೂರು ಅಂತಸ್ತಿನ ಕಟ್ಟಡದ ತಾರಸಿ ಆಗ ಸುಮಾರು 10 ಮೀಟರಿನಲ್ಲಿ, ಎತ್ತರದ ಗೋಪುರ ಅಥವಾ ಓವರ್‌ಹೆಡ್ ಟ್ಯಾಂಕಿನ ತಲೆ ನೀರಿನ ಮೇಲೆ. ನಮ್ಮ ಕರಾವಳಿಯ ಉಬ್ಬರವಿಳಿತ ದೊಡ್ಡದಲ್ಲ, ಸುಮಾರು ಒಂದೂವರೆಯಿಂದ ಎರಡು ಮೀಟರ್. ಅಷ್ಟೇ ಆದರೂ ದಿನಕ್ಕೆ ಎರಡು ಸಲ ಟ್ಯಾಂಕಿನ ಮೇಲ್ಛಾವಣಿ ಕಾಣಿಸಿ ಮರೆಯಾಗುವಂತೆ ಮಾಡಲು ಸಾಕು.

ನಾಯಕಿ ‘ನೀರುಗಂಟಿ’ ಯಾಕೆ?

ಕೆರೆಯ ತೂಬು ಎತ್ತಿ ಇಳಿಸಿ, ಅಚ್ಚುಕಟ್ಟಿನ ಗದ್ದೆಗದ್ದೆಗೂ ಪಾಲಿನಂತೆ ನೀರು ಬಿಡುತ್ತಿದ್ದವರು ನೀರುಗಂಟಿಗಳು. ಕೋಲಾರದ ಕಡೆ ಹಲವು ಊರುಗಳಲ್ಲಿ ಈ ಕೆಲಸ ದಲಿತ ಕುಟುಂಬಗಳ ಪಾಲಿಗಿತ್ತು, ಕೂಲಿ ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ ಸಿಗುತ್ತಿತ್ತು. ಊರಿನ ನೀರೆಲ್ಲ ಅವರ ಕೈಯಲ್ಲಿ, ಗದ್ದೆ ಮಾತ್ರ ಬೇರೆಯವರದು. ರಾತ್ರಿ ಕಳ್ಳತನದಲ್ಲಿ ತೂಬು ಎತ್ತುವವರನ್ನು ತಡೆಯುವುದೂ ಅವರ ಹೊಣೆ. ಕಡಲಡಿಯ ನಗರಕ್ಕೆ ಕಾವಲುಗಾರರನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ, ಆ ಮನೆತನದ ಮೊಮ್ಮಗಳಿಗೆ ಅರ್ಹತೆ ಹುಟ್ಟಿನಿಂದಲೇ ಇದೆ. ಅವಳ ಮೈಗೆ ಮಿಂಚು ಹೊಡೆಸಿ ಶಕ್ತಿ ತರಿಸುವ ಅಗತ್ಯ ನಮಗಂತೂ ಕಾಣುವುದಿಲ್ಲ.

## ನೀರಿನ ನಿಯಮಗಳು

ಸೂಪರ್‌ಪವರ್ ಎಷ್ಟು ಕೊಡಬೇಕು? ನೀರಲ್ಲೇ ಉಸಿರಾಡಿದ್ರೆ ಸಾಕಲ್ವಾ?

ನೀರಲ್ಲೇ ಉಸಿರಾಡುವವಳಿಗೆ ಗಡಿಯಾರವಿಲ್ಲ, ಗಡಿಯಾರವಿಲ್ಲದ ಕಡೆ ಆತಂಕವಿಲ್ಲ. ಮನುಷ್ಯರಿಗೆ ಸಾಧ್ಯವಿರುವುದನ್ನೇ ಸ್ವಲ್ಪ ಮುಂದಕ್ಕೆ ಎಳೆಯಿರಿ. ಆಗ್ನೇಯ ಏಷ್ಯಾದ ಬಜಾವ್ ಜನ ತಲೆಮಾರುಗಳಿಂದ ಉಸಿರು ಹಿಡಿದು ಮುಳುಗಿ ಮೀನು ಹಿಡಿಯುವವರು. ಅವರ ಗುಲ್ಮ (ಸ್ಪ್ಲೀನ್) ನೆರೆಯ ಜನರದ್ದಕ್ಕಿಂತ ಸುಮಾರು ಶೇ. 50ರಷ್ಟು ದೊಡ್ಡದು ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮುಳುಗಿದಾಗ ಗುಲ್ಮ ಕುಗ್ಗಿ, ತನ್ನಲ್ಲಿಟ್ಟುಕೊಂಡ ಕೆಂಪು ರಕ್ತಕಣಗಳನ್ನು ರಕ್ತಕ್ಕೆ ಬಿಡುತ್ತದೆ. ಅಲುಗಾಡದೆ ಉಸಿರು ಹಿಡಿದ ಪಳಗಿದ ಸ್ಪರ್ಧಿಗಳು 11 ನಿಮಿಷ ದಾಟಿದ್ದಾರೆ. ಪಳಗದವರಿಗೆ ಒಂದು ನಿಮಿಷವೇ ಕಷ್ಟ.

ನೀರುಗಂಟಿಗೆ ಈಜುತ್ತಾ, ಕೆಲಸ ಮಾಡುತ್ತಾ 8 ನಿಮಿಷ ಕೊಡಿ. ಅದೇ ಸೂಪರ್‌ಪವರ್, ಅಷ್ಟೇ ಸಾಕು. ಜೊತೆಗೆ ಒಂದೇ ಒಂದು ಅಪೂರ್ವ ಶಕ್ತಿ ಇಡಿ: ನೀರಿನ ಹರಿವನ್ನು ಚರ್ಮದಿಂದ ಓದುವುದು, ಯಾವ ಬಾಗಿಲು ತೆರೆಯಿತು, ಯಾವ ಕಿಟಕಿಯಿಂದ ಯಾರು ನುಗ್ಗಿದರು ಎಂದು ತಿಳಿಯುವುದು. ಮೀನುಗಳಿಗೆ ಮೈ ಪಕ್ಕದ ಗೆರೆಯಲ್ಲಿ ಈ ಇಂದ್ರಿಯ ನಿಜಕ್ಕೂ ಇದೆ. ಮೂರನೆಯ ಶಕ್ತಿ ಸೇರಿಸಿದ ದಿನ ಗ್ಯಾಂಗು ಸೋತಿತು, ಓದುಗರೂ ಎದ್ದು ಹೋದರು.

ಸಿಲಿಂಡರ್ ಹಾಕ್ಕೊಂಡವರ ಹತ್ರ ಎಷ್ಟು ಹೊತ್ತಿಗೆ ಗಾಳಿ ಇರುತ್ತೆ? ಲೆಕ್ಕ ಹೇಗೆ?

ಪ್ರತಿ ದೃಶ್ಯಕ್ಕೂ ಈ ಲೆಕ್ಕ ಹಾಕಿ. ಕಡಲಿನಲ್ಲಿ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತದೆ. 20 ಮೀಟರಿನಲ್ಲಿ ಮೂರು ಪಟ್ಟು, ಅಂದರೆ ಒಂದು ಉಸಿರಿಗೆ ಮೇಲಿನದಕ್ಕಿಂತ ಮೂರು ಪಟ್ಟು ಗಾಳಿ ಖರ್ಚು.

12 ಲೀಟರಿನ ಸಿಲಿಂಡರನ್ನು 200 ಬಾರ್‌ಗೆ (ಒಂದು ಬಾರ್ ಎಂದರೆ ಸುಮಾರು ಒಂದು ವಾತಾವರಣದಷ್ಟು ಒತ್ತಡ) ತುಂಬಿದರೆ 2400 ಲೀಟರ್ ಗಾಳಿ. 50 ಬಾರ್ ಮೀಸಲಿಟ್ಟರೆ ಬಳಕೆಗೆ 1800. ಶಾಂತವಾಗಿರುವವರಿಗೆ ನಿಮಿಷಕ್ಕೆ 20 ಲೀಟರ್ ಎಂದಿಟ್ಟುಕೊಳ್ಳಿ, 20 ಮೀಟರಿನಲ್ಲಿ ಅದು 60 ಲೀಟರ್ ಆಗುತ್ತದೆ. ಅಲ್ಲಿಗೆ 30 ನಿಮಿಷ. ಭಯಪಟ್ಟು, ಲಾಕರ್ ಕೊಯ್ಯುತ್ತಾ ಇರುವ ಗ್ಯಾಂಗಿನ ಹುಡುಗ ನಿಮಿಷಕ್ಕೆ 50 ಲೀಟರ್ ಎಳೆಯುತ್ತಾನೆ, ಆಳದಲ್ಲಿ 150. ಅವನಿಗೆ ಇರುವುದು 12 ನಿಮಿಷ. ನೀರುಗಂಟಿ ಅವನನ್ನು ಹೊಡೆಯಬೇಕಾಗಿಯೇ ಇಲ್ಲ, ಹೆದರಿಸಿದರೆ ಸಾಕು.

ಏರುವಾಗಲೂ ನಿಯಮವಿದೆ. ನಿಮಿಷಕ್ಕೆ 9 ಮೀಟರಿಗಿಂತ ವೇಗ ಬೇಡ, 5 ಮೀಟರಿನಲ್ಲಿ 3 ನಿಮಿಷ ನಿಲ್ಲಬೇಕು. 20 ಮೀಟರಿನಲ್ಲಿ ಸುಮಾರು 40–45 ನಿಮಿಷಕ್ಕಿಂತ ಹೆಚ್ಚು ಇದ್ದವರು ಹಂತಹಂತವಾಗಿ ನಿಂತು ನಿಂತೇ ಮೇಲೆ ಬರಬೇಕು. ಇಲ್ಲದಿದ್ದರೆ ರಕ್ತದಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಗಟ್ಟಿ ಕೀಲುನೋವು, ಲಕ್ವ, ಸಾವು. ಸಿಲಿಂಡರಿನಿಂದ ಉಸಿರೆಳೆದವರು ಉಸಿರು ಬಿಗಿಹಿಡಿದು ಏರಿದರೆ ಶ್ವಾಸಕೋಶವೇ ಹರಿಯಬಹುದು. ‘ಹಾರಿ ಮೇಲೆ ಬಂದ’ ಎಂದು ಬರೆಯುವ ಮೊದಲು ಈ ಪ್ಯಾರಾ ಇನ್ನೊಮ್ಮೆ ಓದಿ.

ನೀರೊಳಗೆ ಫೈಟಿಂಗ್ ಹೇಗೆ ತೋರ್ಸೋದು? ಗನ್ ಕೆಲಸ ಮಾಡುತ್ತಾ?

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಬೀಸಿದ ಮುಷ್ಟಿ ಅರ್ಧದಲ್ಲೇ ಸೋಲುತ್ತದೆ, ಒದ್ದವನೇ ಹಿಂದಕ್ಕೆ ತೇಲುತ್ತಾನೆ. ಸಾಮಾನ್ಯ ಬಂದೂಕಿನ ಗುಂಡು ಒಂದೆರಡು ಮೀಟರಿನಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ವೇಗದ ರೈಫಲ್ ಗುಂಡಂತೂ ನೀರಿಗೆ ಬಡಿದು ಚೂರಾಗುವುದೇ ಹೆಚ್ಚು. ನೀರೊಳಗೆ ಹಾರಲೆಂದೇ ಸೋವಿಯತ್ ಒಕ್ಕೂಟ ಉದ್ದ ಸೂಜಿಯಂಥ ಗುಂಡಿನ ರೈಫಲ್ ಮಾಡಿತ್ತು, ಅದು ಮಾಮೂಲಿ ಗ್ಯಾಂಗಿನ ಕೈಗೆ ಸಿಗುವ ವಸ್ತುವಲ್ಲ. ಮೀನು ಹೊಡೆಯುವ ಈಟಿಬಂದೂಕು ಸಿಗುತ್ತದೆ, ಆದರೆ ಒಂದು ಸಲ ಹೊಡೆದರೆ ಮತ್ತೆ ಈಟಿ ಎಳೆದು ತುಂಬಬೇಕು.

ಆದ್ದರಿಂದ ಕಾದಾಟವೆಲ್ಲ ವಸ್ತುಗಳ ಮೇಲೆ ನಡೆಯಲಿ. ಎದುರಾಳಿಯ ವಾಲ್ವ್ ತಿರುಗಿಸಿ ಮುಚ್ಚುವುದು, ಮಾಸ್ಕ್ ಕಿತ್ತು ಕುರುಡಾಗಿಸುವುದು, ರೆಕ್ಕೆಪಾದ ಕಳಚುವುದು, ದಾರಿ ತೋರುವ ಹಗ್ಗ ಕತ್ತರಿಸುವುದು, ತೂಕದ ಬೆಲ್ಟ್ ಬಿಚ್ಚಿ ಅವನನ್ನು ಮೇಲಕ್ಕೆ ತೇಲಿಸಿಬಿಡುವುದು. ಕೊನೆಯದು ಎಲ್ಲಕ್ಕಿಂತ ಕ್ರೂರ, ಯಾಕೆಂದು ಹಿಂದಿನ ಉತ್ತರದಲ್ಲಿದೆ. ಕೋಣೆಯೊಳಗಾದರೆ ಹೂಳು ಕದಡಿದರೆ ಸಾಕು, ಅರ್ಧ ನಿಮಿಷದಲ್ಲಿ ಟಾರ್ಚಿನ ಬೆಳಕು ಮಜ್ಜಿಗೆಯಂಥ ಗೋಡೆಗೆ ಬಡಿಯುತ್ತದೆ. ಬಾಗಿಲೆಲ್ಲಿದೆ ಎಂದು ಹರಿವಿನಿಂದ ಓದಬಲ್ಲವಳು ಆಗ ಗೆದ್ದಳು.

ಕಡಲಡಿ ಮಾತಾಡೋದು ಹೇಗೆ? ಮಾತಿನ ಬಲೂನ್ ಹಾಕಿದ್ರೆ ತಪ್ಪಾ?

ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಕಚ್ಚಿಕೊಂಡವರಿಗೆ ಮಾತು ಬಾರದು. ಮೂರು ದಾರಿಗಳಿವೆ. ಇಡೀ ಮುಖ ಮುಚ್ಚುವ ಮಾಸ್ಕಿನೊಳಗೆ ಮೈಕ್ ಇದ್ದರೆ ಮಾತನಾಡಬಹುದು, ಇಂಥ ಮಾತಿಗೆ ಚೌಕ ಬಲೂನ್ ಬಳಸಿ. ಹಗ್ಗದ ಎಳೆತದಲ್ಲಿ ಸಂಕೇತ ಕಳಿಸಬಹುದು. ಉಳಿದದ್ದು ಕೈಸನ್ನೆ, ಇಲ್ಲೇ ಬಹಳ ಜನ ಎಡವುವುದು. ಮುಳುಗುಗಾರರಲ್ಲಿ ಹೆಬ್ಬೆರಳು ಎತ್ತಿದರೆ ‘ಮೇಲಕ್ಕೆ ಹೋಗೋಣ’ ಎಂದರ್ಥ, ‘ಸರಿ’ ಎಂದಲ್ಲ. ‘ಸರಿ’ ಎನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಬೇಕು.

ಶಬ್ದ ನೀರಿನಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಗಾಳಿಯಲ್ಲಿ 340. ದೋಣಿಯ ಎಂಜಿನ್ ಬಲು ದೂರದಿಂದಲೇ ಕೇಳುತ್ತದೆ. ಆದರೆ ಎರಡೂ ಕಿವಿಗೆ ಒಟ್ಟಿಗೇ ಬಂದಂತಾಗುವುದರಿಂದ ಯಾವ ದಿಕ್ಕೆಂದು ತಿಳಿಯುವುದಿಲ್ಲ. ಗ್ಯಾಂಗು ಬಂದಿದೆ, ಎಲ್ಲಿದೆ ಗೊತ್ತಿಲ್ಲ. ಈ ಸ್ಥಿತಿಯಲ್ಲಿ ನಾಲ್ಕು ಪುಟ ಎಳೆಯಬಹುದು.

ಮುಳುಗಿದ ಮನೆಯೊಳಗೆ ಗಾಳಿ ಉಳಿದು ಯಾರಾದ್ರೂ ಬದುಕಿರೋಕೆ ಸಾಧ್ಯನಾ?

ಸಾಧ್ಯ. 2013ರಲ್ಲಿ ನೈಜೀರಿಯಾದ ಕಡಲಲ್ಲಿ ಮಗುಚಿ ಸುಮಾರು 30 ಮೀಟರ್ ಆಳಕ್ಕೆ ಮುಳುಗಿದ ಟಗ್ ಹಡಗಿನೊಳಗೆ, ಅದರ ಅಡುಗೆಯವರು ಉಳಿದ ಗಾಳಿಯಲ್ಲಿ ಸುಮಾರು 60 ಗಂಟೆ ಬದುಕಿದ್ದರು. ಹುಡುಕಲು ಬಂದ ಮುಳುಗುಗಾರರು ಅವರನ್ನು ಒತ್ತಡದ ಗಂಟೆಗೂಡಿನಲ್ಲಿ (ಡೈವಿಂಗ್ ಬೆಲ್) ಮೇಲಕ್ಕೆ ತಂದು, ದಿನಗಟ್ಟಲೆ ಒತ್ತಡ ಕೋಣೆಯಲ್ಲಿಟ್ಟು ನಿಧಾನವಾಗಿ ಹೊರಗೆ ಬಿಟ್ಟರು.

ನಮ್ಮ ಮನೆಗಳಲ್ಲಿ ಒಂದು ತೊಡಕಿದೆ: ವೆಂಟಿಲೇಟರ್. ಗಾಳಿ ಉಳಿಯುವುದು ವೆಂಟಿಲೇಟರಿನ ಮೇಲಂಚಿಗೂ ತಾರಸಿಗೂ ನಡುವೆ ಮಾತ್ರ, ಒಂದಡಿ ಇದ್ದರೆ ಹೆಚ್ಚು. 3 ಮೀಟರ್ ಉದ್ದ, 3 ಮೀಟರ್ ಅಗಲದ ಕೋಣೆಯಲ್ಲಿ 30 ಸೆಂಟಿಮೀಟರ್ ಗಾಳಿಯೆಂದರೆ 2.7 ಘನ ಮೀಟರ್. ಮೊದಲು ಕೊಲ್ಲುವುದು ಆಮ್ಲಜನಕದ ಕೊರತೆ ಅಲ್ಲ, ತಾವೇ ಬಿಟ್ಟ ಇಂಗಾಲದ ಡೈಆಕ್ಸೈಡ್. ಸುಮ್ಮನಿರುವ ಒಬ್ಬರು ನಿಮಿಷಕ್ಕೆ ಕಾಲು ಲೀಟರಿನಂತೆ ಬಿಟ್ಟರೆ, ತಲೆ ಸಿಡಿದು ಉಬ್ಬಸ ಹಿಡಿಯುವ ಮಟ್ಟಕ್ಕೆ ಸುಮಾರು 9 ಗಂಟೆ. ಮೂವರಿದ್ದರೆ 3 ಗಂಟೆ. ಅಷ್ಟು ಹೊತ್ತು ಆಳದ ಒತ್ತಡದಲ್ಲಿದ್ದವರನ್ನು ನೇರ ಮೇಲಕ್ಕೆ ತಂದರೆ ಸಾಯಬಹುದು. ನೀರುಗಂಟಿ ಅವರಿಗೆ ಸಿಲಿಂಡರಿನಿಂದ ಹೊಸ ಗಾಳಿ ಬಿಟ್ಟು, ಒತ್ತಡದ ಗಂಟೆಗೂಡು ಬರುವವರೆಗೆ ಕೈ ಹಿಡಿದು ಕಾಯಿಸಬೇಕು. ಕಾಪಾಡಲು ಬಂದವಳು ‘ಇನ್ನೂ ಇಲ್ಲೇ ಇರಿ ಅಮ್ಮಾ’ ಎನ್ನಬೇಕಾದ ದೃಶ್ಯ, ಈ ಕಥೆಯಲ್ಲಿ ಬರೆಯಲು ಸಿಗುವ ಅತ್ಯಂತ ಕಷ್ಟದ, ಅತ್ಯಂತ ಒಳ್ಳೆಯ ದೃಶ್ಯ.

## ಊರು, ಗ್ಯಾಂಗು, ಕಾನೂನು

ಮುಳುಗಿ ಒಂದೆರಡು ತಿಂಗಳಾದ ನಗರ ಹೇಗೆ ಕಾಣುತ್ತೆ?

ಹಳೇ ಚಿತ್ರಗಳಲ್ಲಿ ಬರುವ ಹವಳ, ಪಾಚಿ ಮುಚ್ಚಿದ ಕಂಬಗಳನ್ನು ಮರೆತುಬಿಡಿ. ಇದು ಹೊಸ ಮುಳುಗಡೆ. ಮೊದಲ ವಾರ ಎಲ್ಲೆಲ್ಲೂ ಕದಡಿದ ಮಣ್ಣು, ಚರಂಡಿ ನೀರು, ಪೆಟ್ರೋಲಿನ ಬಣ್ಣದ ಪದರ. ತೇಲಬಲ್ಲದ್ದೆಲ್ಲ ತಾರಸಿಗೆ ಅಂಟಿರುತ್ತದೆ: ಮಂಚ, ಪ್ಲಾಸ್ಟಿಕ್ ಕೊಡ, ಫ್ರಿಜ್ಜು. 14.2 ಕೆಜಿಯ ಅಡುಗೆ ಅನಿಲದ ಸಿಲಿಂಡರ್ ತುಂಬಿದ್ದರೂ ತೇಲುತ್ತದೆ, ಅದರ ಒಟ್ಟು ತೂಕ 30 ಕೆಜಿ ಆಸುಪಾಸು, ಅದು ಪಕ್ಕಕ್ಕೆ ಸರಿಸುವ ನೀರು ಅದಕ್ಕಿಂತ ಹೆಚ್ಚು. ಬಂಕಿನ ನೆಲದಡಿಯ ಟ್ಯಾಂಕು ಖಾಲಿಯಿದ್ದರೆ ಕಾಂಕ್ರೀಟು ಒಡೆದುಕೊಂಡೇ ಮೇಲೇಳಬಹುದು.

ಕೆಲವು ವಾರಗಳಲ್ಲಿ ಕಬ್ಬಿಣದ ಮೇಲೆ, ಗೋಡೆಯ ಮೇಲೆ ಚಿಪ್ಪುಜೀವಿಗಳು ಕೂರುತ್ತವೆ. ಮರದ ಬಾಗಿಲುಗಳನ್ನು ಹಡಗುಹುಳು ಒಳಗಿಂದ ಕೊರೆಯತೊಡಗುತ್ತದೆ, ಹೊರಗೆ ಗಟ್ಟಿಯಾಗಿ ಕಂಡ ಬಾಗಿಲು ವರ್ಷ ಕಳೆದ ಮೇಲೆ ಕೈಯಿಟ್ಟರೆ ಪುಡಿ. ಕಾಂಕ್ರೀಟಿನೊಳಗಿನ ಕಂಬಿ ಬೇಗ ತುಕ್ಕು ಹಿಡಿಯುವುದು ಪೂರ್ತಿ ಮುಳುಗಿದ ಕಡೆಯಲ್ಲಲ್ಲ, ಅಲೆ ಬಡಿದು ಒಣಗುವ ಕಡೆ, ಅಲ್ಲಿ ಉಪ್ಪೂ ಗಾಳಿಯೂ ಎರಡೂ ಸಿಗುತ್ತವೆ. ಹಾಗಾಗಿ ನೀರಿನಿಂದ ತಲೆ ಎತ್ತಿದ ಓವರ್‌ಹೆಡ್ ಟ್ಯಾಂಕ್ ಬೀದಿಯ ಮನೆಗಳಿಗಿಂತ ಮೊದಲು ಬೀಳುತ್ತದೆ.

ಕಾಣುವ ದೂರ ಋತುವಿನಂತೆ. ಮುಂಗಾರಿನಲ್ಲಿ ನದಿಗಳ ಮಣ್ಣು ಸೇರಿ ಕರಾವಳಿಯ ನೀರು ಕೆಂಪು ಕದಡು. ಮಳೆಗಾಲ ಕಳೆದ ಮೇಲೆ ತಿಳಿಯಾಗುತ್ತದೆ, ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಮುಳುಗುಗಾರರು ಹೋಗುವುದೂ ಆಗಲೇ.

ಗ್ಯಾಂಗ್ ಏನು ಕದಿಯುತ್ತೆ? ಬರೀ ಬ್ಯಾಂಕ್ ಚಿನ್ನ ಅಂದ್ರೆ ಬೋರಾಗಲ್ವಾ?

ಚಿನ್ನ ಒಂದು ಸಲದ ಕೆಲಸ. ಸಂಘಟಿತ ಅಪರಾಧ ಬದುಕುವುದು ದಿನಾ ದುಡ್ಡು ಬರುವ ಕಡೆ. ತಾಮ್ರದ ಕೇಬಲ್, ಟ್ರಾನ್ಸ್‌ಫಾರ್ಮರು, ಮೋಟರು, ಎಲ್ಲವೂ ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ. ಅದು ಅತಿರೇಕವಲ್ಲ: ಎರಡನೇ ಮಹಾಯುದ್ಧದಲ್ಲಿ ಜಾವಾ ಸಮುದ್ರದಲ್ಲಿ ಮುಳುಗಿದ್ದ ಡಚ್ ಯುದ್ಧನೌಕೆಗಳನ್ನು ಹುಡುಕಿಕೊಂಡು 2016ರಲ್ಲಿ ಇಳಿದವರಿಗೆ ನೌಕೆಗಳೇ ಇರಲಿಲ್ಲ. ಸಾವಿರಾರು ಟನ್ ಲೋಹವನ್ನು ಯಾರೋ ಗುಜರಿಗೆ ಸಾಗಿಸಿದ್ದರು, ಸತ್ತ ನಾವಿಕರ ಸಮಾಧಿ ಎಂಬುದನ್ನೂ ನೋಡದೆ.

ಎರಡನೆಯದು ಮರಳು. ನಮ್ಮ ಜಿಲ್ಲೆಗಳಲ್ಲಿ ಹಳ್ಳ, ಹೊಳೆ ಬರಿದಾದ ಮೇಲೆ ಹೊಲದ ಮಣ್ಣನ್ನೇ ತೊಳೆದು ‘ಫಿಲ್ಟರ್ ಮರಳು’ ಮಾಡಿದವರನ್ನು ಕಂಡವರಿಗೆ ಇದು ವಿವರಿಸಬೇಕಿಲ್ಲ. ಮುಳುಗಿದ ನಗರದ ಅಡಿಪಾಯದ ಸುತ್ತಲಿನ ಮರಳು ಎಳೆದರೆ ಉಳಿದ ಕಟ್ಟಡಗಳೂ ಕುಸಿಯುತ್ತವೆ.

ಮೂರನೆಯದು ನಮಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು, ಕಾಗದ ಮತ್ತು ಬೀಗದಕೈ. ರಿಸರ್ವ್ ಬ್ಯಾಂಕಿನ 2022ರ ಜನವರಿಯಿಂದ ಜಾರಿಯಾದ ನಿಯಮದಂತೆ ಲಾಕರಿನ ಸೊತ್ತು ಕಳ್ಳತನ, ಬೆಂಕಿ ಮುಂತಾದವುಗಳಲ್ಲಿ ಹೋದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟು ಮಾತ್ರ. ಭೂಕಂಪ, ಪ್ರವಾಹದಂಥ ಪ್ರಕೃತಿ ವಿಕೋಪಕ್ಕೆ ಬ್ಯಾಂಕು ಹೊಣೆಯಲ್ಲ. ಅಂದರೆ ಮನೆ ಕಳೆದುಕೊಂಡವರಿಗೆ ಮಗಳ ಮದುವೆಯ ಒಡವೆ ಕೆಳಗಿದೆ ಎಂದು ಗೊತ್ತು, ತರಲು ದಾರಿಯಿಲ್ಲ. ಗ್ಯಾಂಗು ನಿರಾಶ್ರಿತರ ಶಿಬಿರಕ್ಕೆ ಬಂದು ‘ನಾವು ತಂದುಕೊಡ್ತೀವಿ, ಅರ್ಧ ನಮಗೆ’ ಎನ್ನುತ್ತದೆ. ಜನ ತಾವೇ ಬೀಗದಕೈ ಕೊಡುತ್ತಾರೆ. ನೀರುಗಂಟಿ ಈಗ ಯಾರನ್ನು ತಡೆಯಬೇಕು?

ಗ್ಯಾಂಗಿನ ಒಳಗೆ ಯಾರ್ಯಾರು ಇರ್ತಾರೆ?

ಟ್ಯಾಂಕರ್ ನೀರಿನ ದಂಧೆ ನೋಡಿದ ಊರಿನವರು ಇದನ್ನು ಸುಲಭವಾಗಿ ಬರೆಯಬಲ್ಲರು. ಮೂಲ ಒಬ್ಬನ ಹಿಡಿತದಲ್ಲಿ, ಗಾಡಿ ಇನ್ನೊಬ್ಬನದು, ಬೀದಿಯಲ್ಲಿ ಬೆಲೆ ಹೇಳುವವನು ಮತ್ತೊಬ್ಬ, ಕಣ್ಣುಮುಚ್ಚಿಕೊಳ್ಳಲು ಹಣ ಪಡೆಯುವವನು ಮಗದೊಬ್ಬ. ಇಲ್ಲಿ ಮೂಲ ಎಂದರೆ ಗಾಳಿ. ಸಿಲಿಂಡರ್ ತುಂಬುವ ಕಂಪ್ರೆಸರ್ ಯಾರ ಕೈಯಲ್ಲಿದೆಯೋ ಅವನೇ ದಣಿ. ಉಳಿದವರು ದೋಣಿಯವನು, ಇಳಿಯುವ ನಾಲ್ಕೈದು ಹುಡುಗರು, ಗುಜರಿಯ ವ್ಯಾಪಾರಿ, ದಾಖಲೆ ತಿದ್ದುವ ಗುಮಾಸ್ತ, ಬಡ್ಡಿಗೆ ಹಣ ಬಿಡುವವನು.

ಇಳಿಯುವ ಹುಡುಗರು ಖಳರಲ್ಲ ಎಂಬುದನ್ನು ಮರೆಯಬೇಡಿ. ಅವರು ಸಾಲಕ್ಕೆ ಸಿಕ್ಕವರು, ದಿನಕ್ಕೆ ನಾಲ್ಕು ಸಲ ಇಳಿದು ಕೀಲು ಹಿಡಿದವರು. ಕಂಪ್ರೆಸರಿನ ಗಾಳಿ ಎಳೆಯುವ ಕೊಳವೆ ಡೀಸೆಲ್ ಎಂಜಿನ್ನಿನ ಹೊಗೆಯ ಪಕ್ಕದಲ್ಲಿದ್ದರೆ ಸಿಲಿಂಡರಿಗೆ ಕಾರ್ಬನ್ ಮೋನಾಕ್ಸೈಡ್ ಸೇರುತ್ತದೆ. ಅದಕ್ಕೆ ವಾಸನೆಯಿಲ್ಲ, ಆಳಕ್ಕೆ ಹೋದಂತೆ ಒತ್ತಡದಿಂದ ವಿಷ ಹೆಚ್ಚು. ದಣಿ ಉಳಿಸಿದ ಎರಡು ಮೀಟರ್ ಪೈಪಿಗೆ ಒಬ್ಬ ಹುಡುಗ ಸಾಯುತ್ತಾನೆ. ನೀರುಗಂಟಿಗೆ ಗ್ಯಾಂಗಿನೊಳಗಿಂದ ಮೊದಲ ಸಾಕ್ಷಿ ಸಿಗುವುದು ಅಲ್ಲಿಂದಲೇ ಆಗಲಿ.

ಪೊಲೀಸರು ಏನು ಮಾಡ್ತಿರ್ತಾರೆ? ಮುಳುಗಿದ ಊರು ಯಾರ ವ್ಯಾಪ್ತಿಗೆ?

ತೀರದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್, ಭಾರತದ ಪ್ರಾದೇಶಿಕ ಕಡಲು. ಕರ್ನಾಟಕದಲ್ಲಿ ಕರಾವಳಿ ಕಾವಲು ಪೊಲೀಸ್ ಠಾಣೆಗಳಿವೆ, ಅದರಾಚೆ ಕೋಸ್ಟ್ ಗಾರ್ಡ್ ಇದೆ. ಅವರನ್ನು ಪೆದ್ದರನ್ನಾಗಿ ಮಾಡಬೇಡಿ. ದೋಣಿ ಅವರ ಹತ್ತಿರ ಇದೆ, 20 ಮೀಟರ್ ಕೆಳಗಿನ ಬೀದಿಯಲ್ಲಿ ಗಸ್ತು ತಿರುಗಲು ಜನ ಇಲ್ಲ. ಕಥೆಯಲ್ಲಿ ನಾಯಕಿಗೆ ಜಾಗ ಸಿಗುವುದು ಆ ಸಂದಿನಲ್ಲಿ.

ಕಾನೂನಿನ ಒಂದು ಅಂಶ ಕಥೆಗೆ ಬೆನ್ನೆಲುಬಾಗಬಲ್ಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಮು ಸಂಘಟಿತ ಅಪರಾಧದ್ದು. ಕರ್ನಾಟಕಕ್ಕೆ 2000ದ ಪ್ರತ್ಯೇಕ ಕಾಯ್ದೆಯೂ ಇದೆ. ‘ಮುಂದುವರಿದ ಕಾನೂನುಬಾಹಿರ ಚಟುವಟಿಕೆ’ ಎಂದು ಸಾಧಿಸಲು ಹಿಂದಿನ ಹತ್ತು ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಆರೋಪಪಟ್ಟಿ ಇರಬೇಕು. ಆದ್ದರಿಂದ ಒಬ್ಬ ಕಳ್ಳನನ್ನು ಒಂದು ರಾತ್ರಿ ಹಿಡಿದುಕೊಟ್ಟರೆ ದಣಿ ಅಲುಗುವುದಿಲ್ಲ. ಕೇಸಿನ ಮೇಲೆ ಕೇಸು ನಿಲ್ಲಬೇಕು, ಒಂದಕ್ಕೊಂದು ಹೊಂದಬೇಕು. ನೀರುಗಂಟಿಯ ದೊಡ್ಡ ಆಯುಧ ಅವಳ ಲೆಕ್ಕದ ಪುಸ್ತಕ: ಯಾವ ದಿನ, ಯಾವ ಬೀದಿ, ಯಾವ ದೋಣಿ, ಎಷ್ಟು ಕೆಜಿ.

ಇನ್ನೊಂದು ಸಣ್ಣ ಎಳೆ: ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಆ 61 ದಿನ ಕಡಲಲ್ಲಿ ಕಣ್ಣುಗಳು ಕಡಿಮೆ, ಆದರೆ ಇಳಿದ ಒಂದೊಂದು ದೋಣಿಯೂ ಅನುಮಾನಕ್ಕೆ ಗುರಿ. ಕಥೆಯ ಉತ್ಕಟ ಘಟ್ಟವನ್ನು ಅಲ್ಲಿಡಿ.

ನೀರಲ್ಲಿ ಬೆರಳಚ್ಚು ಸಿಗುತ್ತಾ?

ಗಾಜು, ಲೋಹದಂಥ ನುಣುಪು ವಸ್ತುವಾದರೆ ಕೆಲವು ದಿನ ಉಳಿಯಬಹುದು. ಬೆವರಿನ ಉಪ್ಪು ಕರಗುತ್ತದೆ, ಜಿಡ್ಡು ಉಳಿಯುತ್ತದೆ. ಒದ್ದೆ ವಸ್ತುವಿನ ಮೇಲೆ ಮಾಮೂಲಿ ಪುಡಿ ನಡೆಯದು, ಜಿಡ್ಡಿಗೆ ಅಂಟುವ ಸಣ್ಣ ಕಣಗಳ ದ್ರಾವಣ ಬಳಸುತ್ತಾರೆ. ವಸ್ತುವನ್ನು ಒರೆಸದೆ, ಅದೇ ನೀರಿನ ಡಬ್ಬದಲ್ಲಿಟ್ಟು ಮೇಲಕ್ಕೆ ತರಬೇಕು. ಒಣಗಿಸಿದರೆ ಉಪ್ಪು ಹರಳುಗಟ್ಟಿ ಗುರುತು ಕೆಡುತ್ತದೆ. ಹಳೆಯ ನಾಣ್ಯ, ನಿಧಿ ಸಿಕ್ಕರೆ ಅದಕ್ಕೆ ಬೇರೆ ದಾರಿ: ಕರ್ನಾಟಕದ 1962ರ ನಿಧಿ ಕಾಯ್ದೆಯಂತೆ ನಿಧಿ ಕಂಡವರು ಜಿಲ್ಲಾಧಿಕಾರಿಗೆ ತಿಳಿಸಬೇಕು.

## ಚಿತ್ರ, ಭಾಷೆ, ಮುದ್ರಣ

ವೇಷಕ್ಕೆ ಯಾವ ಬಣ್ಣ? ಕೆಂಪು ಮೇಲಂಗಿ ಹಾಕಬಹುದಾ?

ಎರಡೂ ಬೇಡ. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು, ಹತ್ತು ಮೀಟರಿನಷ್ಟರಲ್ಲೇ ಕೆಂಪು ಬೂದುಗಪ್ಪಾಗುತ್ತದೆ. ಗಾಯದ ರಕ್ತವೂ ಆಳದಲ್ಲಿ ಹಸಿರುಗಪ್ಪಾಗಿ ಕಾಣುತ್ತದೆ, ಇದು ಪುಟದ ಮೇಲೆ ಬಲು ಚೆನ್ನಾಗಿ ಬರುತ್ತದೆ. ಹಳದಿ ಹೆಚ್ಚು ಆಳದವರೆಗೆ ಉಳಿಯುತ್ತದೆ. ಟಾರ್ಚ್ ಬಿದ್ದ ಕ್ಷಣ ಮಾತ್ರ ನಿಜ ಬಣ್ಣಗಳು ಎದ್ದು ಬರುತ್ತವೆ, ಪುಟದಲ್ಲಿ ಒಂದೇ ಚೌಕಕ್ಕೆ ಪೂರ್ಣ ಬಣ್ಣ ಕೊಟ್ಟು ಉಳಿದದ್ದು ನೀಲಿ ಹಸಿರಿನಲ್ಲಿಡಿ. ಮೇಲಂಗಿ ಕಂಬಿಗೆ ಸಿಕ್ಕಿ ಹಾಕಿಕೊಂಡು ಕೊಲ್ಲುತ್ತದೆ. ಕಾಲಿಗೆ ಕಟ್ಟಿದ ಚಾಕು, ಸೊಂಟಕ್ಕೆ ಹಗ್ಗದ ಸುರುಳಿ, ಎರಡು ಟಾರ್ಚು ಸಾಕು. ಮಾಸ್ಕಿನೊಳಗಿಂದ ನೋಡಿದರೆ ವಸ್ತುಗಳು ಮೂರನೇ ಒಂದರಷ್ಟು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತವೆ. ನಾಯಕಿಯ ಕಣ್ಣಿನ ನೋಟದ ಚೌಕಗಳಲ್ಲಿ ಇದನ್ನು ಪಾಲಿಸಿ.

ನೀರೊಳಗಿನ ಬೆಳಕು, ಬಟ್ಟೆ ನೋಡ್ಕೊಂಡು ಬಿಡಿಸಬೇಕು. ಕೃಷಿಹೊಂಡದಲ್ಲಿ ಇಳಿದು ಫೋಟೋ ತೆಗೀಬಹುದಾ?

ಖಂಡಿತ ಬೇಡ. ಕೃಷಿಹೊಂಡದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಜಾರುತ್ತದೆ, ಇಳಿಜಾರು ಗೋಡೆ ಹಿಡಿಯಲು ಏನೂ ಸಿಗದೆ ಈಜು ಬಲ್ಲವರೂ ಹತ್ತಲಾರರು. ನೀರು ತುಂಬಿದ ಕಲ್ಲುಕ್ವಾರಿಯೂ ಅಷ್ಟೇ ಅಪಾಯ. ಉಸಿರು ಹಿಡಿಯುವ ಅಭ್ಯಾಸವನ್ನೂ ಒಬ್ಬರೇ ಮಾಡಬೇಡಿ, ಜೋರಾಗಿ ಉಸಿರಾಡಿ ಮುಳುಗಿದರೆ ಯಾವ ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪುತ್ತದೆ.

ಮನೆಯಲ್ಲೇ ಮಾಡಿ. ಮೀನು ಸಾಕುವ ಗಾಜಿನ ತೊಟ್ಟಿಗೆ ಹತ್ತು ಲೀಟರ್ ನೀರು, ಅರ್ಧ ಚಮಚ ಹಾಲು. ತಳದಲ್ಲಿ ಗೊಂಬೆ, ಅದಕ್ಕೆ ತೆಳು ಹತ್ತಿಬಟ್ಟೆ. ಕೋಣೆ ಕತ್ತಲೆ ಮಾಡಿ ಮೇಲಿಂದ ಟಾರ್ಚ್ ಹಿಡಿಯಿರಿ, ಬೆಳಕಿನ ಕೋಲುಗಳು ಕಾಣುತ್ತವೆ. ಪಕ್ಕದ ಗಾಜಿನಿಂದ ಮೊಬೈಲಿನಲ್ಲಿ ತೆಗೆಯಿರಿ. ಹಾಲು ಹೆಚ್ಚಾದರೆ ಏನೂ ಕಾಣದು, ಹನಿಹನಿಯಾಗಿ ಸೇರಿಸಿ.

ಪಾತ್ರಗಳ ಮಾತು ಹೇಗಿರಬೇಕು? ಎಲ್ಲರೂ ಪುಸ್ತಕದ ಕನ್ನಡ ಮಾತಾಡಿದ್ರೆ ನಡೆಯುತ್ತಾ?

ನಡೆಯದು. ನೀರುಗಂಟಿ ಕೋಲಾರದವಳು, ಹಿರಿಯರಿಗೆ ‘ಅಣ್ಣಾ’, ‘ಅಕ್ಕಾ’, ಸಿಟ್ಟು ಬಂದಾಗ ಬಾಯಿಗೆ ಬರುವುದು ಅರ್ಧ ತೆಲುಗು. ಪಾವಗಡದವಳಾದರೂ ಹೀಗೇ. ತುಮಕೂರು, ಗುಬ್ಬಿ ಕಡೆಯವನಿದ್ದರೆ ‘ಬತ್ತೀನಿ ಕಣಣ್ಣ’, ‘ಓಗ್ಲಿ ಬುಡು’. ಕರಾವಳಿಯವರು ‘ಎಂತ ಮಾರಾಯ್ರೆ’ ಎನ್ನುತ್ತಾರೆ, ತಮ್ಮ ತಮ್ಮಲ್ಲಿ ತುಳು, ಕೊಂಕಣಿ, ಬ್ಯಾರಿ. ಮೊದಲ ಕಂತಿನಲ್ಲಿ ಇವರಿಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಹಿಡಿಯದೆ ಹೋಗಲಿ, ಕೈಸನ್ನೆ ಕಲಿಯಲು ಅದೂ ಒಂದು ಕಾರಣ.

ಎರಡನೇ ಸರಣಿಗೆ ಕಡಲು ಬಿಟ್ಟು ಬೇರೆಲ್ಲಿಗೆ ಕರ್ಕೊಂಡು ಹೋಗಬಹುದು?

ಕೆಜಿಎಫ್‌ಗೆ. ಚಾಂಪಿಯನ್ ರೀಫ್ ಗಣಿ ಸುಮಾರು 3,200 ಮೀಟರ್ ಆಳಕ್ಕೆ ಇಳಿದಿತ್ತು, ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. 2001ರಲ್ಲಿ ಗಣಿ ಮುಚ್ಚಿ ಪಂಪು ನಿಂತ ಮೇಲೆ ಸುರಂಗಗಳಿಗೆ ನೀರು ತುಂಬಿತು. ಅದೂ ಮುಳುಗಿದ ಊರೇ, ಮೂರು ನಾಲ್ಕು ತಲೆಮಾರು ಬೆವರು ಸುರಿಸಿದ ಊರು. ಆದರೆ ಅಲ್ಲಿ ತಲೆಯ ಮೇಲೆ ಬಂಡೆ, ನೇರ ಮೇಲೇಳಲು ದಾರಿಯಿಲ್ಲ. ಗಾಳಿಯ ಲೆಕ್ಕವೂ ಬೇರೆ: ಮೂರನೇ ಒಂದು ಹೋಗಲು, ಮೂರನೇ ಒಂದು ಬರಲು, ಉಳಿದ ಒಂದು ಮೀಸಲು. ಹೋದ ದಾರಿಯುದ್ದಕ್ಕೂ ಹಗ್ಗ ಬಿಡಲೇಬೇಕು. ಮೊದಲ ಸರಣಿಯಲ್ಲಿ ಹರಿವು ಓದಿ ಗೆದ್ದವಳಿಗೆ ಇಲ್ಲಿ ಹರಿವೇ ಇಲ್ಲದ ನೀರು, ಅವಳ ಶಕ್ತಿ ಕೆಲಸಕ್ಕೆ ಬಾರದ ಜಾಗ.

ಅಚ್ಚಿಗೆ ಕೊಟ್ಟಾಗ ಒತ್ತಕ್ಷರ ಎಲ್ಲಾ ಒಡೆದು ಬರುತ್ತೆ. ಏನು ಮಾಡ್ಲಿ?

ಎರಡು ಕಾರಣಗಳು. ಹಳೇ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ್ದನ್ನು ಯೂನಿಕೋಡ್ ಅಕ್ಷರಶೈಲಿಗೆ ಬದಲಿಸಿದರೆ ಗಜಿಬಿಜಿಯಾಗುತ್ತದೆ, ಮೊದಲೇ ಪರಿವರ್ತಕದಲ್ಲಿ ಯೂನಿಕೋಡಿಗೆ ತನ್ನಿ. ಇನ್ನೊಂದು, ಚಿತ್ರ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳಿಗಿರುವ ಪಠ್ಯ ಜೋಡಣೆಯ ಆಯ್ಕೆ ಆನ್ ಆಗಿರುವುದಿಲ್ಲ. ಸರಿಯಾದ ಮೇಲೆ ಅಕ್ಷರಗಳನ್ನು ಆಕಾರಗಳಾಗಿ ಬದಲಿಸಿ ಪಿಡಿಎಫ್ ಮಾಡಿ, ಆಗ ಪ್ರೆಸ್ಸಿನವರ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೂ ಕೆಡದು. ತಿದ್ದಲು ಬರುವ ಮೂಲ ಪ್ರತಿ ಬೇರೆ ಇಟ್ಟುಕೊಳ್ಳಿ.

ಒಂದು ಬಲೂನಿಗೆ 15 ಪದ ದಾಟಬೇಡಿ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ಸಾಲಿನ ಅಂತರ ಅಕ್ಷರದ ಗಾತ್ರದ 1.3ರಿಂದ 1.4 ಪಟ್ಟು ಇರಲಿ. ಎ5 ಪುಸ್ತಕವಾದರೆ ಪುಟ 148 x 210 ಮಿಲಿಮೀಟರ್, ನಾಲ್ಕೂ ಕಡೆ 3 ಮಿಲಿಮೀಟರ್ ಹೆಚ್ಚುವರಿ ಸೇರಿ 154 x 216, 300 ಡಿಪಿಐಗೆ ಸುಮಾರು 1819 x 2551 ಪಿಕ್ಸೆಲ್. ಪಿನ್ ಹೊಡೆಯುವ ಪುಸ್ತಕಕ್ಕೆ ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು, ಮೊದಲ ಸಂಚಿಕೆಗೆ 24 ಸರಿಯಾದ ಅಳತೆ. ಕಡು ನೀಲಿ ಪರದೆಯ ಮೇಲೆ ಕಂಡದ್ದಕ್ಕಿಂತ ಕಾಗದದ ಮೇಲೆ ಕಪ್ಪಾಗಿ ಬರುತ್ತದೆ. ಕಡಲಡಿಯ ಕಥೆಯಲ್ಲಿ ಅದೇ ಬಣ್ಣ ಪುಟ ತುಂಬ ಇರುವುದರಿಂದ ಎಲ್ಲ ಪ್ರತಿ ಹೊಡೆಸುವ ಮೊದಲು ಅತಿ ಕತ್ತಲೆಯ ಎರಡು ಪುಟಗಳನ್ನು ಅದೇ ಪ್ರೆಸ್ಸಿನಲ್ಲಿ, ಅದೇ ಕಾಗದದ ಮೇಲೆ ಮಾದರಿ ತೆಗೆಸಿ ನೋಡಿ.